ಚಿನ್ನದ ತಂತಿಯಿಂದ ಬ್ರಿಡ್ಜ್‌ವರೆಗೆ: ಕಟ್ಟಿಸಿದ ಹಲ್ಲಿನ ಚರಿತ್ರೆ ಮತ್ತು ಆರೈಕೆ

ಹಿಜರಿ 3ನೇ ವರ್ಷದಲ್ಲಿ (ಕ್ರಿ.ಶ. 625) ನಡೆದ ಉಹುದ್ ಯುದ್ಧದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಮುಖಕ್ಕೆ ತೀವ್ರ ಗಾಯಗಳಾದವು. ಕೆಳಸಾಲಿನ ಬಾಚಿಹಲ್ಲಿನ ಪಕ್ಕದ ಹಲ್ಲೊಂದು ಮುರಿಯಿತು. ಶಿರಸ್ತ್ರಾಣದ ಎರಡು ಬಳೆಗಳು ಕೆನ್ನೆಯೊಳಗೆ ಹೂತುಹೋದವು. ಅವುಗಳನ್ನು ಹೊರತೆಗೆಯಲು ಮುಂದೆ ಬಂದವರು ಅಬೂ ಉಬೈದ ಇಬ್ನುಲ್ ಜರ್ರಾಹ್(ರ). ಕೈಯಿಂದ ಎಳೆದರೆ ಪ್ರವಾದಿವರ್ಯರಿಗೆ ನೋವು ಹೆಚ್ಚಾದೀತೆಂದು ಅವರು ಬಳೆಯನ್ನು ತಮ್ಮ ಹಲ್ಲುಗಳಿಂದಲೇ ಕಚ್ಚಿ ಎಳೆದರು. ಮೊದಲ ಬಳೆಯೊಂದಿಗೆ ಅವರ ಒಂದು ಬಾಚಿಹಲ್ಲು ಕಳಚಿಬಿತ್ತು, ಎರಡನೆಯದರೊಂದಿಗೆ ಇನ್ನೊಂದು. ಮುಂದಿನ ಹಲ್ಲು ಕಳೆದುಕೊಂಡವರಲ್ಲಿ ಅಬೂ ಉಬೈದರಷ್ಟು ಸುಂದರರಾಗಿ ಕಾಣುವವರು ಬೇರೊಬ್ಬರಿರಲಿಲ್ಲ ಎಂಬ ಮಾತನ್ನು ಸೀರಃ ಗ್ರಂಥಗಳು ದಾಖಲಿಸಿವೆ.

ಹಲ್ಲು ಹೋಗುವುದರಲ್ಲಿ ಅವಮಾನವೇನೂ ಇಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ನಮಗೆ ಬೇಕಿಲ್ಲ. ಹಾಗಿದ್ದರೂ ಆ ಪೀಳಿಗೆಯವರೂ ಅವರ ನಂತರದವರೂ ಅಲುಗಾಡುವ ಹಲ್ಲನ್ನು ಬಿಗಿಸಿಕೊಂಡರು, ಬಿದ್ದ ಹಲ್ಲಿನ ಸ್ಥಾನದಲ್ಲಿ ಬೇರೊಂದನ್ನು ಇರಿಸಿಕೊಂಡರು. ಅವರು ಅದನ್ನು ಏಕೆ ಮಾಡಿದರು, ಧರ್ಮವಿದ್ವಾಂಸರು ಅದನ್ನು ಯಾವ ನೆಲೆಯಲ್ಲಿ ಒಪ್ಪಿದರು, ವೈದ್ಯರು ಅದನ್ನು ಹೇಗೆ ನೆರವೇರಿಸಿದರು ಎಂಬ ಚರಿತ್ರೆ ಇಂದು ಬಾಯಲ್ಲಿ ಬ್ರಿಡ್ಜ್ ಹಾಕಿಸಿಕೊಂಡಿರುವ ನಮ್ಮ ಕುಟುಂಬಗಳ ಹಿರಿಯರಿಗೆ ನೇರವಾಗಿ ಸಂಬಂಧಿಸಿದ್ದು. ನಾವು ಕನ್ನಡದಲ್ಲಿ ‘ಹಲ್ಲು ಕಟ್ಟಿಸುವುದು’ ಎನ್ನುತ್ತೇವೆ. ಅರಬಿಯ ಫಿಕ್ಹ್ ಗ್ರಂಥಗಳಲ್ಲಿ ಬಳಕೆಯಾಗಿರುವ ಪದಕ್ಕೂ ಇದೇ ಅರ್ಥ: ಹಲ್ಲನ್ನು ಬಿಗಿದು ಕಟ್ಟುವುದು. ಇಂದಿನ ಬ್ರಿಡ್ಜ್‌ನಲ್ಲಿ ತಂತಿಯೂ ಇಲ್ಲ, ಗಂಟೂ ಇಲ್ಲ. ಮಾತು ಮಾತ್ರ ಎರಡೂ ಭಾಷೆಗಳಲ್ಲಿ ಹಾಗೆಯೇ ಉಳಿದಿದೆ.

ಹಲ್ಲಿನ ವಿಷಯದಲ್ಲಿ ಇಸ್ಲಾಮ್ ಎರಡು ಬಗೆಯ ಅಪೇಕ್ಷೆಗಳನ್ನು ಬೇರ್ಪಡಿಸಿ ನೋಡಿದೆ. ಕೇವಲ ಚೆಲುವಿಗಾಗಿ ಹಲ್ಲುಗಳನ್ನು ಉಜ್ಜಿ ನಡುವೆ ಸಂದು ಮಾಡಿಸಿಕೊಳ್ಳುತ್ತಿದ್ದ ಪದ್ಧತಿಯನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ ಹದೀಸ್‌ನಲ್ಲಿ ಕಟುವಾಗಿ ಖಂಡಿಸಲಾಗಿದೆ. ಅಲ್ಲಾಹನ ಸೃಷ್ಟಿಯನ್ನು ಮಾರ್ಪಡಿಸುವ ಕೃತ್ಯಗಳ ಸಾಲಿನಲ್ಲಿ ಅದನ್ನು ಸೇರಿಸಲಾಗಿದೆ. ಆದರೆ ಗಾಯ, ರೋಗ, ಅಂಗಹಾನಿಗಳಿಗೆ ಪರಿಹಾರ ಹುಡುಕುವುದು ಈ ಖಂಡನೆಯ ವ್ಯಾಪ್ತಿಗೆ ಬರುವುದಿಲ್ಲ. ಇದಕ್ಕೆ ವಿದ್ವಾಂಸರು ಉದ್ಧರಿಸುವ ಮುಖ್ಯ ಆಧಾರ ಅರ್ಫಜ ಇಬ್ನು ಅಸ್‌ಅದ್(ರ)ರ ಪ್ರಸಂಗ. ಇಸ್ಲಾಮಿಗೆ ಮುಂಚಿನ ಕಾಲದ ಕುಲಾಬ್ ಯುದ್ಧದಲ್ಲಿ ಅವರು ಮೂಗನ್ನು ಕಳೆದುಕೊಂಡಿದ್ದರು. ಬೆಳ್ಳಿಯ ಮೂಗೊಂದನ್ನು ಮಾಡಿಸಿ ಹಾಕಿಕೊಂಡರು. ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿವರ್ಯರು(ಸ) ಚಿನ್ನದ ಮೂಗು ಮಾಡಿಸಿಕೊಳ್ಳುವಂತೆ ಅವರಿಗೆ ಸೂಚಿಸಿದರು. ಪುರುಷರಿಗೆ ಚಿನ್ನ ಧರಿಸುವುದು ನಿಷಿದ್ಧವಾಗಿರುವಾಗ ಈ ಅನುಮತಿ ದೊರೆತದ್ದು ಒಂದು ನಿಜವಾದ ಅಗತ್ಯದ ಮುಂದೆ.

ಇಮಾಮ್ ಅಬೂದಾವೂದ್(ರ) ಈ ಹದೀಸನ್ನು ತಮ್ಮ ಸಂಗ್ರಹದಲ್ಲಿ ಯಾವ ಶೀರ್ಷಿಕೆಯಡಿ ಇರಿಸಿದ್ದಾರೆಂಬುದನ್ನು ಗಮನಿಸಬೇಕು. ಹದೀಸ್ ಮಾತನಾಡುವುದು ಮೂಗಿನ ಬಗ್ಗೆ. ಅಧ್ಯಾಯದ ಹೆಸರು ಹಲ್ಲುಗಳನ್ನು ಚಿನ್ನದಿಂದ ಕಟ್ಟುವುದರ ಕುರಿತಾದದ್ದು. ಹಿಜರಿ ಮೂರನೇ ಶತಮಾನದ ಓದುಗನಿಗೆ ಹಲ್ಲು ಕಟ್ಟಿಸುವುದು ಅಷ್ಟು ಪರಿಚಿತ ಸಂಗತಿಯಾಗಿತ್ತು; ಅವನು ಕೇಳಬಹುದಾದ ಪ್ರಶ್ನೆ ಅದೇ ಆಗಿತ್ತು. ಇಮಾಮ್ ತಿರ್ಮಿದಿ(ರ) ಕೂಡ ಇದೇ ಹದೀಸಿನ ಕೊನೆಯಲ್ಲಿ, ವಿದ್ವಾಂಸರ ಪೈಕಿ ಹಲವರು ತಮ್ಮ ಹಲ್ಲುಗಳನ್ನು ಚಿನ್ನದಿಂದ ಕಟ್ಟಿಸಿಕೊಂಡಿದ್ದರೆಂದೂ ಅವರಿಗೆ ಈ ಹದೀಸ್ ಆಧಾರವಾಗುತ್ತದೆಂದೂ ಬರೆದಿದ್ದಾರೆ. ಮೂರನೆಯ ಖಲೀಫ ಉಸ್ಮಾನ್(ರ)ರ ಹಲ್ಲುಗಳು ಚಿನ್ನದಿಂದ ಕಟ್ಟಲ್ಪಟ್ಟಿದ್ದವೆಂಬ ವರದಿ ಮುಸ್ನದ್ ಅಹ್ಮದ್‌ನಲ್ಲಿದೆ.

ಎಲ್ಲರೂ ಒಂದೇ ಮಾತು ಹೇಳಿದರೆಂದು ಇದರರ್ಥವಲ್ಲ. ಹನಫೀ ಮದ್‌ಹಬ್‌ನೊಳಗೆ ನಡೆದ ಚರ್ಚೆಯನ್ನು ಹಲಬ್ ನಗರದ ಇಮಾಮ್ ಕಾಸಾನಿ(ರ) (ನಿಧನ ಹಿಜರಿ 587, ಕ್ರಿ.ಶ. 1191) ತಮ್ಮ ‘ಬದಾಇಉಸ್ಸನಾಇ’ಯಲ್ಲಿ ವಿವರವಾಗಿ ಕೊಡುತ್ತಾರೆ. ಅಲುಗಾಡುವ ಹಲ್ಲನ್ನು ಬೆಳ್ಳಿಯಿಂದ ಕಟ್ಟಬಹುದು, ಚಿನ್ನದಿಂದಲ್ಲ ಎಂಬುದು ಇಮಾಮ್ ಅಬೂ ಹನೀಫ(ರ)ರ ಅಭಿಪ್ರಾಯ. ಮೂಗಿನ ವಿಷಯದಲ್ಲಿ ಬೆಳ್ಳಿ ಕೆಲಸಕ್ಕೆ ಬರಲಿಲ್ಲ, ಆದ್ದರಿಂದ ಚಿನ್ನಕ್ಕೆ ಅನುಮತಿ ದೊರೆಯಿತು. ಹಲ್ಲಿಗೆ ಬೆಳ್ಳಿಯೇ ಸಾಕಾಗುವಾಗ ಚಿನ್ನದ ಅಗತ್ಯವೇನು ಎಂಬುದು ಅವರ ವಾದ. ಅವರ ಶಿಷ್ಯ ಇಮಾಮ್ ಮುಹಮ್ಮದ್(ರ) ಚಿನ್ನಕ್ಕೂ ಅಡ್ಡಿಯಿಲ್ಲವೆಂದರು. ಬಿದ್ದುಹೋದ ಹಲ್ಲನ್ನು ಮರಳಿ ಅದೇ ಸ್ಥಾನದಲ್ಲಿಟ್ಟು ಕಟ್ಟಬಹುದೇ ಎಂಬ ಪ್ರಶ್ನೆಯೂ ಬಂತು. ದೇಹದಿಂದ ಬೇರ್ಪಟ್ಟ ಹಲ್ಲು ಸತ್ತವನ ಹಲ್ಲಿನಂತೆಯೇ ಎಂದು ಕೆಲವರು ಅದನ್ನು ಇಷ್ಟಪಡಲಿಲ್ಲ. ಬದಲಿಗೆ ಧಾರ್ಮಿಕ ವಿಧಿಯಂತೆ ಝಬಹ್ ಮಾಡಿದ ಕುರಿಯ ಹಲ್ಲನ್ನು ಆ ಜಾಗದಲ್ಲಿಟ್ಟು ಕಟ್ಟಲು ಹೇಳಿದರು. ಇಮಾಮ್ ಅಬೂ ಯೂಸುಫ್(ರ) ಇದನ್ನೊಪ್ಪದೆ, ಸ್ವಂತ ಹಲ್ಲನ್ನು ಮರಳಿ ಇರಿಸುವುದರಲ್ಲಿ ತಪ್ಪಿಲ್ಲ, ಇನ್ನೊಬ್ಬ ಮನುಷ್ಯನ ಹಲ್ಲನ್ನು ಮಾತ್ರ ಬಳಸಬಾರದು ಎಂದರು. ಬಾಯಲ್ಲಿ ಖಾಲಿ ಜಾಗವಿಟ್ಟುಕೊಂಡು ಊಟಕ್ಕೆ ಕೂತ ಮನುಷ್ಯನನ್ನು ಕಣ್ಣಮುಂದೆ ಇರಿಸಿಕೊಂಡು ನಡೆದ ಚರ್ಚೆಯಿದು. ಫಿಕ್ಹ್ ಎಂದರೆ ಒಣ ತರ್ಕವೆಂದು ಭಾವಿಸುವವರು ಇಂತಹ ಪುಟಗಳನ್ನು ಓದಬೇಕೆಂದು ನಮಗನಿಸುತ್ತದೆ.

ಹಲ್ಲು ಕಟ್ಟುವ ಕಲೆ ಮುಸ್ಲಿಮರು ಆರಂಭಿಸಿದ್ದಲ್ಲ. ಲೆಬನಾನಿನ ಕರಾವಳಿಯ ಸೈದಾ ನಗರದ ಪ್ರಾಚೀನ ಗೋರಿಗಳಲ್ಲಿ ಹಲ್ಲುಗಳನ್ನು ಚಿನ್ನದ ತಂತಿಯಿಂದ ಹೆಣೆದಿರುವ ದವಡೆಗಳು ಸಿಕ್ಕಿವೆ. ಇಟಲಿಯ ಎಟ್ರಸ್ಕನ್ ಜನರು ಚಿನ್ನದ ಪಟ್ಟಿಗಳಲ್ಲಿ ಬದಲಿ ಹಲ್ಲುಗಳನ್ನು ಕೂರಿಸುತ್ತಿದ್ದರು. ಕ್ರಿಸ್ತಪೂರ್ವ ಐದನೇ ಶತಮಾನದ ರೋಮನ್ನರ ಹನ್ನೆರಡು ಫಲಕಗಳ ಕಾನೂನು ಶವದೊಂದಿಗೆ ಚಿನ್ನ ಹೂಳುವುದನ್ನು ನಿಷೇಧಿಸಿದರೂ ಹಲ್ಲು ಕಟ್ಟಿದ ಚಿನ್ನಕ್ಕೆ ವಿನಾಯಿತಿ ನೀಡಿತ್ತು. ಮುಸ್ಲಿಮ್ ವೈದ್ಯರ ಕೊಡುಗೆಯಿರುವುದು ಈ ಕೈಕಸುಬನ್ನು ಕ್ರಮಬದ್ಧವಾಗಿ ಬರೆದಿಟ್ಟು, ಉಪಕರಣಗಳ ಚಿತ್ರಗಳೊಂದಿಗೆ ಮುಂದಿನವರಿಗೆ ದಾಟಿಸಿದ್ದರಲ್ಲಿ. ಆ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ಅಬುಲ್ ಕಾಸಿಮ್ ಅಲ್ ಝಹ್ರಾವಿ.

ಸ್ಪೇನಿನ ಕೊರ್ದೊವಾ ನಗರದ ಸಮೀಪ ಖಲೀಫ ಮೂರನೇ ಅಬ್ದುರ್ರಹ್ಮಾನ್ ಕಟ್ಟಿಸಿದ ಮದೀನತುಝ್ಝಹ್ರಾ ಎಂಬ ಅರಮನೆ ನಗರದಿಂದ ಅವರಿಗೆ ಆ ಹೆಸರು ಬಂತು. ಸುಮಾರು 936ರಿಂದ 1013ರವರೆಗೆ ಬದುಕಿದ್ದ ಅವರು ತಮ್ಮ ದೀರ್ಘಕಾಲದ ವೈದ್ಯವೃತ್ತಿಯ ಸಾರವನ್ನು ‘ಅತ್ತಸ್ರೀಫ್’ ಎಂಬ 30 ಭಾಗಗಳ ಗ್ರಂಥದಲ್ಲಿ ಬರೆದಿಟ್ಟರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ. ಹಲ್ಲಿಗೆ ಅವರು ಕೊಟ್ಟ ಸ್ಥಾನ ಚಿಕ್ಕದಲ್ಲ. ಹಲ್ಲು ನೋಯುತ್ತದೆಂದ ಕೂಡಲೇ ಕೀಳಲು ಹೊರಡಬಾರದು, ಸಾಧ್ಯವಿರುವ ಎಲ್ಲ ಉಪಾಯಗಳನ್ನೂ ಮಾಡಿ ಅದನ್ನು ಉಳಿಸಲು ನೋಡಬೇಕು, ಏಕೆಂದರೆ ಕಿತ್ತ ಮೇಲೆ ಅದಕ್ಕೆ ಸಾಟಿಯಾದುದು ಬೇರೆ ಇಲ್ಲ ಎಂಬುದು ಅವರ ಮೊದಲ ಸೂಚನೆ. ನೋವು ಒಂದು ಹಲ್ಲಿನಲ್ಲಿದ್ದರೂ ರೋಗಿ ಇನ್ನೊಂದನ್ನು ತೋರಿಸುವುದುಂಟು, ಒಳ್ಳೆಯ ಹಲ್ಲನ್ನು ಕಿತ್ತ ಮೇಲೂ ನೋವು ಹಾಗೆಯೇ ಉಳಿಯುವುದುಂಟು ಎಂದು ಅವರು ಎಚ್ಚರಿಸುತ್ತಾರೆ. ಅರಿವಿಲ್ಲದೆ ಹಲ್ಲು ಕೀಳುವ ಕ್ಷೌರಿಕರ ಬಗ್ಗೆ ಅವರ ಅಸಮಾಧಾನ ಮುಚ್ಚಿಟ್ಟದ್ದಲ್ಲ.

ನಮ್ಮ ವಿಷಯಕ್ಕೆ ಮುಖ್ಯವಾದವು ಅವರ ಎರಡು ಅಧ್ಯಾಯಗಳು. ಒಂದು ಹಲ್ಲಿನ ಮೇಲೆ ಕಟ್ಟುವ ಕಿಟ್ಟವನ್ನು ಕೆರೆದು ತೆಗೆಯುವುದರ ಬಗ್ಗೆ. ಹಲ್ಲುಗಳ ಒಳಗೂ ಹೊರಗೂ ವಸಡಿನ ಅಂಚಿನಲ್ಲಿಯೂ ಒರಟಾದ, ನೋಟಕ್ಕೆ ಅಸಹ್ಯವಾದ ಪದರವು ಕೂಡಿಕೊಳ್ಳುತ್ತದೆ. ಅದು ಕಪ್ಪಾಗಿ, ಹಳದಿಯಾಗಿ, ಹಸಿರಾಗಿ ತಿರುಗುತ್ತದೆ. ಅದರಿಂದ ವಸಡು ಕೆಡುತ್ತದೆ ಎಂದು ಅವರು ವಿವರಿಸುತ್ತಾರೆ. ರೋಗಿಯನ್ನು ಮುಂದೆ ಕುಳ್ಳಿರಿಸಿ, ಅವನ ತಲೆಯನ್ನು ವೈದ್ಯನು ತನ್ನ ಮಡಿಲಲ್ಲಿರಿಸಿಕೊಂಡು, ಏನೂ ಉಳಿಯದಂತೆ ಕೆರೆಯಬೇಕು. ಒಂದೇ ಸಲಕ್ಕೆ ಮುಗಿಯದಿದ್ದರೆ ಮರುದಿನ, ಅದರ ಮರುದಿನವೂ ಮುಂದುವರಿಸಬೇಕು. ಇದಕ್ಕಾಗಿ ಅವರು ಚಿತ್ರಿಸಿದ್ದು 14 ಬಗೆಯ ಕೆರೆಗತ್ತಿಗಳನ್ನು. ಒಳಬದಿಗೆ ಬೇರೆ, ಹೊರಬದಿಗೆ ಬೇರೆ, ಹಲ್ಲುಗಳ ನಡುವಿಗೆ ಬೇರೆ. ಇಂದು ಹಲ್ಲಿನ ಆಸ್ಪತ್ರೆಯಲ್ಲಿ ‘ಸ್ಕೇಲಿಂಗ್’ ಎಂದು ಬರೆದುಕೊಡುವ ಚಿಕಿತ್ಸೆಯ ಉದ್ದೇಶ ಇದೇ.

ಇನ್ನೊಂದು ಅಧ್ಯಾಯ ಅಲುಗಾಡುವ ಹಲ್ಲುಗಳನ್ನು ಹೆಣೆಯುವುದರ ಬಗ್ಗೆ. ಪೆಟ್ಟಿನಿಂದಲೋ ಬೀಳುವುದರಿಂದಲೋ ಮುಂದಿನ ಹಲ್ಲುಗಳು ಅಲುಗಾಡತೊಡಗಿ, ರೋಗಿಗೆ ಏನನ್ನೂ ಕಚ್ಚಲು ಆಗದಿದ್ದಾಗ, ಔಷಧಗಳು ಫಲ ನೀಡದಿದ್ದಾಗ ತಂತಿಯನ್ನು ಬಳಸಬೇಕು. ತಂತಿ ಚಿನ್ನದ್ದಾಗಿರಲಿ, ಏಕೆಂದರೆ ಬೆಳ್ಳಿ ಕೆಲವೇ ದಿನಗಳಲ್ಲಿ ಹಸಿರುಗಟ್ಟಿ ಕೆಡುತ್ತದೆ, ಚಿನ್ನ ಮಾತ್ರ ಬದಲಾಗದೆ ಉಳಿಯುತ್ತದೆ. ಕೂಫಾದ ಫಕೀಹರು ಬೆಳ್ಳಿ ಸಾಕೇ ಸಾಲದೇ ಎಂದು ಚರ್ಚಿಸಿದ ಪ್ರಶ್ನೆಗೆ ಸುಮಾರು ಎರಡೂವರೆ ಶತಮಾನಗಳ ನಂತರ ಅಂದಲುಸಿನ ವೈದ್ಯರೊಬ್ಬರ ಕೈಯನುಭವ ಕೊಟ್ಟ ಉತ್ತರವಿದೆಂದು ನಾವು ಓದಿಕೊಳ್ಳಬಹುದು, ಅವರು ಆ ಚರ್ಚೆಯನ್ನು ಉದ್ದೇಶಿಸಿ ಬರೆಯದಿದ್ದರೂ. ತಂತಿ ತೀರಾ ತೆಳ್ಳಗೂ ಇರಬಾರದು, ದಪ್ಪವೂ ಇರಬಾರದು. ಅದನ್ನು ಗಟ್ಟಿಯಾಗಿ ನಿಂತಿರುವ ಹಲ್ಲಿನಿಂದ ಆರಂಭಿಸಿ, ಅಲುಗಾಡುವ ಹಲ್ಲುಗಳ ಸುತ್ತ ಒಂದೊಂದಾಗಿ ಹೆಣೆಯುತ್ತಾ, ಇನ್ನೊಂದು ಬದಿಯ ಗಟ್ಟಿ ಹಲ್ಲನ್ನು ಮುಟ್ಟಿಸಿ, ಮತ್ತೆ ಹಿಂದಕ್ಕೆ ತರಬೇಕು. ತುದಿಗಳನ್ನು ಕತ್ತರಿಸಿ ನಾಲಗೆಗೆ ಚುಚ್ಚದಂತೆ ಹಲ್ಲುಸಂದಿಯಲ್ಲಿ ಅಡಗಿಸಬೇಕು. ತುಂಡಾದರೆ ಹೊಸ ತಂತಿಯಿಂದ ಮತ್ತೆ ಕಟ್ಟಬೇಕು. ಒಂದೆರಡು ಹಲ್ಲು ಬಿದ್ದೇಹೋಗಿದ್ದರೆ ಅವನ್ನೇ ಮರಳಿ ಇರಿಸಬಹುದು, ಅಥವಾ ಎತ್ತಿನ ಮೂಳೆಯಿಂದ ಹಲ್ಲಿನ ಆಕಾರವನ್ನು ಕೆತ್ತಿ ಆ ಜಾಗದಲ್ಲಿ ಕೂರಿಸಿ ಇದೇ ರೀತಿ ಬಿಗಿಯಬಹುದು.

ಎತ್ತಿನ ಮೂಳೆಯ ಆ ಹಲ್ಲು ಇಂದಿನ ಬ್ರಿಡ್ಜ್‌ನ ಹತ್ತಿರದ ಪೂರ್ವಜ. ಅದು ದವಡೆಯಲ್ಲಿ ಬೇರೂರಿ ನಿಲ್ಲುವುದಿಲ್ಲ. ಅಕ್ಕಪಕ್ಕದ ಗಟ್ಟಿ ಹಲ್ಲುಗಳ ಬಲದಿಂದ ನಿಲ್ಲುತ್ತದೆ. ಅವು ಸಡಿಲವಾದರೆ ತಂತಿಯ ಚಿನ್ನ ಎಷ್ಟು ಅಪ್ಪಟವಾಗಿದ್ದರೂ ಪ್ರಯೋಜನವಿಲ್ಲ. ಕಿಟ್ಟ ತೆಗೆಯುವುದನ್ನೂ ಹಲ್ಲು ಕಟ್ಟುವುದನ್ನೂ ಒಂದೇ ಗ್ರಂಥದಲ್ಲಿ ಅಷ್ಟೇ ಶ್ರದ್ಧೆಯಿಂದ ಬರೆದ ವೈದ್ಯರನ್ನು ನಾವು ಇಂದು ನೆನೆಯುವಾಗ ಸಾಮಾನ್ಯವಾಗಿ ಎರಡನೆಯದನ್ನಷ್ಟೇ ಹೊಗಳುತ್ತೇವೆ. ಬ್ರಿಡ್ಜ್ ಹಾಕಿಸಿಕೊಂಡವರಿಗೆ ಹೆಚ್ಚು ಬೇಕಾಗಿರುವುದು ಮೊದಲನೆಯದು.

ಅದೇ ಕಾಲಘಟ್ಟದ ಇಬ್ನು ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಹಲ್ಲುಗಳನ್ನು ಸುಸ್ಥಿತಿಯಲ್ಲಿಡಲು ಬಯಸುವವರು ಎಂಟು ಸಂಗತಿಗಳನ್ನು ಗಮನದಲ್ಲಿರಿಸಬೇಕೆಂದು ಬರೆದರು. ಅಂಟುವ ಸಿಹಿತಿಂಡಿಗಳಿಂದ ದೂರವಿರುವುದು, ಗಟ್ಟಿ ವಸ್ತುಗಳನ್ನು ಹಲ್ಲಿನಿಂದ ಒಡೆಯದಿರುವುದು, ತೀರಾ ತಣ್ಣಗಿನದನ್ನು ಬಿಸಿಯಾದುದರ ಬೆನ್ನಿಗೇ ಸೇವಿಸದಿರುವುದು ಅವುಗಳಲ್ಲಿ ಸೇರಿವೆ. ಹಲ್ಲುಸಂದಿಗಳನ್ನು ಸ್ವಚ್ಛಗೊಳಿಸುತ್ತಿರಬೇಕು, ಆದರೆ ವಸಡಿಗೆ ಹಾನಿಯಾಗುವಷ್ಟು ಅತಿ ಮಾಡಬಾರದು ಎಂಬ ಮಾತೂ ಅಲ್ಲಿದೆ. ಸಾವಿರ ವರ್ಷಗಳ ನಂತರವೂ ದಂತವೈದ್ಯರು ಈ ಪಟ್ಟಿಯಲ್ಲಿ ತಳ್ಳಿಹಾಕುವಂಥದ್ದು ಹೆಚ್ಚೇನಿಲ್ಲ.

ಮುಂದಿನ ಚರಿತ್ರೆಯನ್ನು ಸಂಕ್ಷೇಪಿಸಬಹುದು. 12ನೇ ಶತಮಾನದಲ್ಲಿ ತೊಲೆದೊ ನಗರದಲ್ಲಿ ಕ್ರೆಮೊನಾದ ಜೆರಾರ್ಡ್ ಝಹ್ರಾವಿಯವರ ಶಸ್ತ್ರಚಿಕಿತ್ಸಾ ಭಾಗವನ್ನು ಲ್ಯಾಟಿನ್‌ಗೆ ಅನುವಾದಿಸಿದರು; ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು. 1465ರಲ್ಲಿ ಅನಾತೋಲಿಯದ ಅಮಾಸ್ಯದಲ್ಲಿ ಶರಫುದ್ದೀನ್ ಸಾಬುಂಜುವೋಗ್ಲು ಅದನ್ನು ಆಧರಿಸಿ ತುರ್ಕಿ ಭಾಷೆಯಲ್ಲಿ ಸಚಿತ್ರ ಗ್ರಂಥ ರಚಿಸಿದರು. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಪ್ರಕಟಿಸಿದ ಗ್ರಂಥದಿಂದ ದಂತವೈದ್ಯಕೀಯವು ಸ್ವತಂತ್ರ ವೃತ್ತಿಯಾಗಿ ಬೆಳೆಯಿತು. ಆ ಬಳಿಕ ಚಿನ್ನದ ತಂತಿಯ ಸ್ಥಾನಕ್ಕೆ ಲೋಹದ ಕ್ಯಾಪ್, ಅದರ ಮೇಲೆ ಪಿಂಗಾಣಿಯ ಹೊದಿಕೆ, ಈಚೆಗೆ ಝಿರ್ಕೋನಿಯ ಬಂದವು. ಚಿನ್ನ ಬೇಕೇ ಬೇಡವೇ ಎಂಬ ಹಳೆಯ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಕರಗಿತು.

ಆದರೆ ಹಳೆಯ ತಂತಿಗೂ ಇಂದಿನ ಬ್ರಿಡ್ಜ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಝಹ್ರಾವಿಯವರ ತಂತಿ ಪಕ್ಕದ ಹಲ್ಲುಗಳನ್ನು ಸುತ್ತಿಕೊಂಡಿತ್ತೇ ಹೊರತು ಅವನ್ನು ಕೊರೆಯುತ್ತಿರಲಿಲ್ಲ. ಇಂದು ಒಂದು ಹಲ್ಲಿನ ಖಾಲಿ ಜಾಗ ತುಂಬಲು ಎರಡೂ ಬದಿಯ ಹಲ್ಲುಗಳನ್ನು ಸುತ್ತಲೂ ಅರೆದು ಸಣ್ಣದಾಗಿಸಿ, ಅವುಗಳಿಗೆ ಕ್ಯಾಪ್ ತೊಡಿಸಿ, ನಡುವಿನ ಕೃತಕ ಹಲ್ಲನ್ನು ಆ ಕ್ಯಾಪ್‌ಗಳಿಗೆ ಬೆಸೆದು, ಸಿಮೆಂಟಿನಿಂದ ಅಂಟಿಸುತ್ತಾರೆ. ಅರೆದ ಹೊರಪದರ ಮತ್ತೆ ಬೆಳೆಯುವುದಿಲ್ಲ. ಸೃಷ್ಟಿಯನ್ನು ಮಾರ್ಪಡಿಸುವುದರ ಕುರಿತಾದ ಎಚ್ಚರಿಕೆಯನ್ನು ಓದಿದ ಯುವಕರು ಈ ಅರೆಯುವಿಕೆಯ ಬಗ್ಗೆ ಪ್ರಶ್ನೆ ಕೇಳುವುದು ಸಹಜವೇ. ಅಗಿಯುವ ಶಕ್ತಿ ಮರಳಿ ಬರಲಿ, ಎದುರಿನ ಮತ್ತು ಪಕ್ಕದ ಹಲ್ಲುಗಳು ಖಾಲಿ ಜಾಗದತ್ತ ವಾಲದಿರಲಿ ಎಂಬ ಉದ್ದೇಶವಿರುವಾಗ ಇದು ಚಿಕಿತ್ಸೆಯಾಗುತ್ತದೆ. ಸೌಂದರ್ಯಕ್ಕಾಗಿ ಒಳ್ಳೆಯ ಹಲ್ಲುಗಳನ್ನು ಅರೆಸುವುದು ಬೇರೆಯೇ ವಿಷಯ. ಆದರೂ ಒಂದು ಹಲ್ಲಿಗಾಗಿ ಎರಡು ಆರೋಗ್ಯವಂತ ಹಲ್ಲುಗಳನ್ನು ಒತ್ತೆಯಿಟ್ಟಂತೆ ಇದು. ಆರೈಕೆ ತಪ್ಪಿದರೆ ಹೋಗುವುದು ಒಂದಲ್ಲ, ಮೂರು.

ಬ್ರಿಡ್ಜ್ ಹಾಳಾಗುವುದು ಹೆಚ್ಚಾಗಿ ಪಿಂಗಾಣಿ ಒಡೆದು ಅಲ್ಲ. ಕ್ಯಾಪ್‌ಗೂ ಹಲ್ಲಿಗೂ ಸೇರುವ ಅಂಚು ವಸಡಿನ ಬಳಿ ಇರುತ್ತದೆ. ಅಲ್ಲಿ ಆಹಾರ ಮತ್ತು ಪಾಚಿ ನಿಂತರೆ ಕ್ಯಾಪ್‌ನ ಒಳಗೆ ಹುಳುಕು ಹಿಡಿಯುತ್ತದೆ, ಅಥವಾ ವಸಡು ಊದಿಕೊಂಡು ಹಲ್ಲನ್ನು ಹಿಡಿದಿರುವ ಮೂಳೆ ಸವೆಯುತ್ತದೆ. ಆಧಾರದ ಹಲ್ಲಿಗೆ ಮೊದಲೇ ರೂಟ್ ಕೆನಾಲ್ ಆಗಿದ್ದರೆ ಅದರೊಳಗೆ ನರವಿರುವುದಿಲ್ಲ, ಆದ್ದರಿಂದ ಹುಳುಕು ಎಷ್ಟು ಆಳಕ್ಕೆ ಹೋದರೂ ನೋವು ಎಚ್ಚರಿಸುವುದಿಲ್ಲ. ‘ನೋವೇ ಇಲ್ಲವಲ್ಲ’ ಎಂದು ವರ್ಷಗಟ್ಟಲೆ ವೈದ್ಯರ ಬಳಿ ಹೋಗದಿರುವ ಹಿರಿಯರು ನಮ್ಮ ಮನೆಗಳಲ್ಲಿ ಬಹಳ ಮಂದಿಯಿದ್ದಾರೆ. ಒಳ್ಳೆಯ ಆರೈಕೆಯಿದ್ದರೆ ಬ್ರಿಡ್ಜ್ ಹತ್ತು ವರ್ಷಗಳನ್ನೂ ಮೀರಿ ಬಾಳಿಕೆ ಬರುವುದು ಸಾಮಾನ್ಯ. ಆರೈಕೆಯಿಲ್ಲದೆ ಮೂರ್ನಾಲ್ಕು ವರ್ಷಗಳಲ್ಲೇ ಕಳಚುವುದೂ ಇದೆ.

ಇಲ್ಲಿ ಮಿಸ್ವಾಕ್‌ನ ಮಾತು ಬರುತ್ತದೆ. ಸಮುದಾಯಕ್ಕೆ ಹೊರೆಯಾಗುತ್ತದೆಂಬ ಆತಂಕವಿರದಿದ್ದರೆ ಪ್ರತಿ ನಮಾಝಿಗೂ ಮಿಸ್ವಾಕ್ ಮಾಡುವಂತೆ ಆದೇಶಿಸುತ್ತಿದ್ದೆನೆಂಬ ಅರ್ಥದ ಪ್ರವಾದಿವಚನ(ಸ) ಎಲ್ಲರಿಗೂ ತಿಳಿದದ್ದು. ಅವರು ರಾತ್ರಿ ಎದ್ದಾಗ ಮಿಸ್ವಾಕ್ ಮಾಡುತ್ತಿದ್ದರು, ಮನೆ ಪ್ರವೇಶಿಸಿದಾಗ ಮೊದಲು ಅದನ್ನೇ ಮಾಡುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಆಯಿಶಾ(ರ)ರ ಸಹೋದರ ಅಬ್ದುರ್ರಹ್ಮಾನ್(ರ) ಮಿಸ್ವಾಕ್ ಹಿಡಿದು ಒಳಬಂದಾಗ ಪ್ರವಾದಿವರ್ಯರ(ಸ) ದೃಷ್ಟಿ ಅದರ ಮೇಲೆ ನೆಟ್ಟಿತು. ಆಯಿಶಾ(ರ) ಅದನ್ನು ತಮ್ಮ ಹಲ್ಲಿನಿಂದ ಮೆದುಗೊಳಿಸಿ ಕೊಟ್ಟರು. ಊಟದ ನಂತರ ಹಲ್ಲುಸಂದಿಯಲ್ಲಿ ಸಿಕ್ಕಿದ್ದನ್ನು ಕಡ್ಡಿಯಿಂದ ತೆಗೆದರೆ ಉಗುಳಬೇಕು ಎಂಬ ಸೂಚನೆಯೂ ಅಬೂದಾವೂದ್‌ನಲ್ಲಿದೆ. ಅದರ ಸನದಿನ ಬಗ್ಗೆ ವಿದ್ವಾಂಸರು ಆಕ್ಷೇಪವೆತ್ತಿದ್ದಾರೆ. ಏನೇ ಇರಲಿ, ಹಲ್ಲಿನ ಮೈ ಉಜ್ಜುವುದರ ಜೊತೆಗೆ ಸಂದಿಯನ್ನೂ ಬಿಡಿಸುವ ‘ಖಿಲಾಲ್’ ನಮ್ಮ ಶಿಷ್ಟಾಚಾರದ ಗ್ರಂಥಗಳಿಗೆ ಅಪರಿಚಿತವಲ್ಲ.

ಬ್ರಿಡ್ಜ್ ಇರುವವರಿಗೆ ಮಿಸ್ವಾಕ್ ಮಾತ್ರ ಸಾಲದು ಎಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಸುನ್ನತ್‌ಗೆ ಇದರಿಂದ ಕುಂದಿಲ್ಲ. ಕೃತಕ ಹಲ್ಲು ವಸಡಿನ ಮೇಲೆ ಕೂತಿರುತ್ತದೆ, ಅದರ ಅಡಿಗೆ ಕಡ್ಡಿಯ ನಾರೂ ಬ್ರಶ್ಶಿನ ಎಳೆಯೂ ತಲಪುವುದಿಲ್ಲ. ಮೂರು ಹಲ್ಲುಗಳು ಒಂದಕ್ಕೊಂದು ಬೆಸೆದಿರುವುದರಿಂದ ಸಾಧಾರಣ ಫ್ಲಾಸ್ ದಾರವನ್ನು ಮೇಲಿನಿಂದ ಇಳಿಸಲೂ ಆಗದು. ಇದಕ್ಕಾಗಿಯೇ ಒಂದು ತುದಿ ಗಟ್ಟಿಯಾಗಿ, ನಡುಭಾಗ ಸ್ಪಂಜಿನಂತಿರುವ ‘ಸೂಪರ್ ಫ್ಲಾಸ್’ ಔಷಧದಂಗಡಿಗಳಲ್ಲಿ ಸಿಗುತ್ತದೆ. ಗಟ್ಟಿ ತುದಿಯನ್ನು ಕೆನ್ನೆಯ ಬದಿಯಿಂದ ಕೃತಕ ಹಲ್ಲಿನ ಅಡಿಗೆ ತೂರಿಸಿ ನಾಲಗೆಯ ಬದಿಯಿಂದ ಹೊರಗೆಳೆಯಬೇಕು. ಸ್ಪಂಜಿನ ಭಾಗವನ್ನು ಹಿಂದೆ ಮುಂದೆ ಆಡಿಸಿ ಅಡಿಭಾಗವನ್ನೂ ಆಧಾರದ ಹಲ್ಲುಗಳ ಬದಿಗಳನ್ನೂ ಒರೆಸಬೇಕು. ಬಳಿಕ ದಾರವನ್ನು ಮೇಲಕ್ಕೆ ಜಗ್ಗದೆ ಪಕ್ಕದಿಂದಲೇ ಹೊರತೆಗೆಯಬೇಕು. ಮೊದಲ ವಾರ ಕೈ ತಡವರಿಸುತ್ತದೆ, ವಸಡಿನಿಂದ ತುಸು ರಕ್ತ ಬರಬಹುದು. ಅಭ್ಯಾಸವಾದ ಮೇಲೆ ಎರಡು ನಿಮಿಷದ ಕೆಲಸ. ದಾರ ಹಿಡಿಯಲು ಬೆರಳಿನಲ್ಲಿ ಶಕ್ತಿಯಿಲ್ಲದ ಅಜ್ಜ ಅಜ್ಜಿಯರಿಗೆ ಹಿಡಿಯಿರುವ ಇಂಟರ್‌ಡೆಂಟಲ್ ಬ್ರಶ್ ಅನುಕೂಲ. ಅದರ ಗಾತ್ರವನ್ನು ದಂತವೈದ್ಯರಿಂದಲೇ ಕೇಳಿ ತಿಳಿಯಬೇಕು. ರಾತ್ರಿ ಮಲಗುವ ಮುನ್ನ ವುಝೂ ಮಾಡುವುದು ಸುನ್ನತ್. ಅದಕ್ಕೆ ಮೊದಲು ಈ ಕೆಲಸ ಮುಗಿಸಿ, ಫ್ಲೋರೈಡ್ ಇರುವ ಪೇಸ್ಟಿನಿಂದ ಮೆದು ಬ್ರಶ್ಶಿನಲ್ಲಿ ವಸಡಿನ ಅಂಚನ್ನು ಉಜ್ಜಿದರೆ ದಿನಚರಿಗೆ ಹೊಸ ಹೊರೆಯೇನೂ ಸೇರುವುದಿಲ್ಲ. ಇದ್ದಿಲಿನ ಪುಡಿ, ಇಟ್ಟಿಗೆಯ ಪುಡಿಗಳನ್ನು ಮಾತ್ರ ಬಿಟ್ಟುಬಿಡಬೇಕು.

ಬ್ರಿಡ್ಜ್ ಇದ್ದರೆ ಸ್ನಾನ (ಗುಸ್ಲ್) ಸಿಂಧುವಾಗುವುದೇ ಎಂಬ ಪ್ರಶ್ನೆ ಹಲವರನ್ನು ಕಾಡುತ್ತದೆ. ಇದೇ ಭಯದಿಂದ ಚಿಕಿತ್ಸೆಯನ್ನು ಮುಂದೂಡಿ, ಉಳಿದ ಹಲ್ಲುಗಳನ್ನೂ ಕಳೆದುಕೊಂಡವರಿದ್ದಾರೆ. ಹನಫೀ ಮದ್‌ಹಬ್ ಪ್ರಕಾರ ಗುಸ್ಲ್‌ನಲ್ಲಿ ಬಾಯಿ ಮುಕ್ಕಳಿಸುವುದು ಕಡ್ಡಾಯ, ಆದ್ದರಿಂದಲೇ ಈ ಪ್ರಶ್ನೆ ಹುಟ್ಟುತ್ತದೆ. ಶಾಫಿಈ ಮದ್‌ಹಬ್‌ನಲ್ಲಿ ಅದು ಸುನ್ನತ್, ಕಡ್ಡಾಯವಲ್ಲ. ಸಿಮೆಂಟಿನಿಂದ ಶಾಶ್ವತವಾಗಿ ಅಂಟಿಸಿದ, ತೊಂದರೆಯಿಲ್ಲದೆ ಕಳಚಲಾಗದ ಹಲ್ಲು ದೇಹದ ಭಾಗದಂತೆಯೇ ಎಂಬುದು ಹನಫೀ ಮುಫ್ತಿಗಳ ಸಾಮಾನ್ಯ ನಿಲುವು. ಅದರ ಮೇಲೆ ನೀರು ಹರಿದರೆ ಸಾಕು. ಕೈಯಿಂದ ತೆಗೆದು ಹಾಕಬಹುದಾದ ಹಲ್ಲಿನ ಸೆಟ್‌ನ ವಿಷಯ ಹಾಗಲ್ಲ. ನೀರು ಒಳಗೆ ತಲಪದಂತೆ ತಡೆಯುವುದಾದರೆ ಅದನ್ನು ತೆಗೆದು ಬಾಯಿ ಮುಕ್ಕಳಿಸಬೇಕು. ಸ್ವಚ್ಛತೆಯ ದೃಷ್ಟಿಯಿಂದಲೂ ಅದನ್ನು ದಿನವೂ ತೆಗೆದು ತೊಳೆಯಲೇಬೇಕು. ಸಂದೇಹವಿರುವವರು ಚಿಕಿತ್ಸೆಗೆ ಮೊದಲೇ ತಮ್ಮ ಮಹಲ್ಲಿನ ಉಸ್ತಾದರನ್ನೂ ದಂತವೈದ್ಯರನ್ನೂ ವಿಚಾರಿಸಿಕೊಳ್ಳಲಿ.

ರಮಝಾನ್‌ನಲ್ಲಿ ಇನ್ನೊಂದು ತೊಡಕು. ಕರ್ನಾಟಕದ ಕರಾವಳಿಯ ಬ್ಯಾರಿ ಮತ್ತು ನವಾಯತ ಸಮುದಾಯಗಳು ಶಾಫಿಈ ಮದ್‌ಹಬನ್ನು ಅನುಸರಿಸುತ್ತವೆ. ಒಳನಾಡಿನ ಬಹುಪಾಲು ಮುಸ್ಲಿಮರು ಹನಫಿಗಳು. ಉಪವಾಸಿಗನು ಮಧ್ಯಾಹ್ನದ ನಂತರ ಮಿಸ್ವಾಕ್ ಮಾಡುವುದು ಶಾಫಿಈಗಳ ಪ್ರಸಿದ್ಧ ಅಭಿಪ್ರಾಯದ ಪ್ರಕಾರ ಮಕ್ರೂಹ್. ಹನಫಿಗಳಲ್ಲಿ ಇಡೀ ದಿನ ಅನುಮತಿಯಿದೆ. ಈ ಭಿನ್ನತೆ ಬಾಯಿಯನ್ನು ತಿಂಗಳು ಪೂರ್ತಿ ಅಲಕ್ಷಿಸಲು ಯಾರಿಗೂ ನೆಪವಾಗಬಾರದು. ಇಫ್ತಾರ್‌ನಿಂದ ಸಹರಿಯವರೆಗೆ ಯಾವ ನಿರ್ಬಂಧವೂ ಇಲ್ಲ. ಖರ್ಜೂರ, ಶರಬತ್ತು, ಸಿಹಿತಿಂಡಿಗಳು ಹಲ್ಲಿಗೆ ಅಂಟಿಕೊಂಡೇ ಉಳಿಯುವ ತಿಂಗಳಿದು; ಸಹರಿ ಮುಗಿದ ಮೇಲೆ ಬ್ರಿಡ್ಜ್‌ನ ಅಡಿಯನ್ನು ಬಿಡಿಸದೆ ಮಲಗಿದರೆ ಅದು ಸಂಜೆಯವರೆಗೆ ಅಲ್ಲೇ ಕೊಳೆಯುತ್ತದೆ.

ಇಬ್ನು ಸೀನಾ ಹೇಳಿದ ಗಟ್ಟಿ ವಸ್ತುಗಳ ಪಟ್ಟಿಗೆ ನಮ್ಮ ನಾಡಿನಲ್ಲಿ ಅಡಿಕೆಯನ್ನು ಸೇರಿಸಬೇಕು. ಹೋಳು ಅಡಿಕೆಯಾಗಲಿ, ಬಿರಿಯಾನಿಯ ಎಲುಬಾಗಲಿ, ಬ್ರಿಡ್ಜ್ ಇರುವ ಬದಿಯಿಂದ ಕಡಿಯುವಂಥದ್ದಲ್ಲ. ಗುಟ್ಕಾ ಮತ್ತು ತಂಬಾಕು ವಸಡನ್ನೇ ಕೆಡಿಸುತ್ತವೆ, ಅವುಗಳಿಂದ ಬರುವ ಬಾಯಿಯ ಕ್ಯಾನ್ಸರ್‌ನ ಮುಂದೆ ಬ್ರಿಡ್ಜ್ ದೊಡ್ಡ ಮಾತಲ್ಲ. ಸಕ್ಕರೆ ಕಾಯಿಲೆಯಿರುವವರಲ್ಲಿ ವಸಡಿನ ರೋಗ ಬೇಗ ಉಲ್ಬಣಿಸುತ್ತದೆ. ನಿದ್ದೆಯಲ್ಲಿ ಹಲ್ಲು ಕಡಿಯುವವರು ವೈದ್ಯರಿಂದ ರಾತ್ರಿಯ ಗಾರ್ಡ್ ಮಾಡಿಸಿಕೊಳ್ಳಬೇಕು. ಆರು ತಿಂಗಳಿಗೊಮ್ಮೆ ತಪಾಸಣೆ, ಅಗತ್ಯವಿದ್ದಾಗ ಎಕ್ಸ್‌ರೇ ಮತ್ತು ಸ್ಕೇಲಿಂಗ್ ಇರಲಿ. ‘ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಲ್ಲನ್ನು ಸಡಿಲಿಸುವುದು ಕಿಟ್ಟ, ಅದನ್ನು ತೆಗೆಯುವ ಕೈಯಲ್ಲ. ಬ್ರಿಡ್ಜ್‌ನ ಬಳಿ ವಾಸನೆ ಬರುತ್ತಿದ್ದರೆ, ಹೊಸದಾಗಿ ಆಹಾರ ಸಿಕ್ಕಿಕೊಳ್ಳತೊಡಗಿದರೆ, ಅಗಿಯುವಾಗ ಅದು ಅಲುಗಾಡಿದಂತೆನಿಸಿದರೆ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬಾರದು. ಬ್ರಿಡ್ಜ್‌ನ ಒಂದು ಬದಿ ಮಾತ್ರ ಸಡಿಲವಾದಾಗ ಇನ್ನೊಂದು ಬದಿ ಅದನ್ನು ಹಿಡಿದುಕೊಂಡಿರುತ್ತದೆ. ಸಡಿಲವಾದ ಕ್ಯಾಪ್‌ನೊಳಗೆ ಎಂಜಲು ನುಗ್ಗಿ ಕೆಲವೇ ತಿಂಗಳಲ್ಲಿ ಒಳಗಿನ ಹಲ್ಲು ಪುಡಿಯಾಗುತ್ತದೆ. ಪೂರ್ತಿ ಕಳಚಿಬಿದ್ದರೆ ತೊಳೆದು ಡಬ್ಬಿಯಲ್ಲಿಟ್ಟು ವೈದ್ಯರ ಬಳಿ ಒಯ್ಯಬೇಕು; ಆಧಾರದ ಹಲ್ಲುಗಳು ಚೆನ್ನಾಗಿದ್ದರೆ ಅದನ್ನೇ ಮತ್ತೆ ಅಂಟಿಸಬಹುದು. ಅಂಗಡಿಯಲ್ಲಿ ಸಿಗುವ ಅಂಟಿನಿಂದ ಮನೆಯಲ್ಲೇ ಅಂಟಿಸಿಕೊಂಡರೆ ಆ ಅವಕಾಶವೂ ತಪ್ಪುತ್ತದೆ.

ಕೊನೆಯದಾಗಿ, ಮಯ್ಯಿತ್ ಸ್ನಾನದ ವೇಳೆ ಕೆಲವೊಮ್ಮೆ ಏಳುವ ಪ್ರಶ್ನೆ. ಮೃತರ ಬಾಯಲ್ಲಿ ಕಟ್ಟಿಸಿದ ಹಲ್ಲು ಇದ್ದರೆ ಏನು ಮಾಡಬೇಕು? ಕೈಯಿಂದ ಸುಲಭವಾಗಿ ಬರುವ ಸೆಟ್ ಆದರೆ ತೆಗೆಯಬಹುದು. ಅಂಟಿಸಿದ ಬ್ರಿಡ್ಜ್ ಅಥವಾ ಚಿನ್ನದ ಹಲ್ಲನ್ನು ಬಲವಂತದಿಂದ ಕಿತ್ತರೆ ಮೃತದೇಹಕ್ಕೆ ಘಾಸಿಯಾಗುತ್ತದೆ, ದೇಹದ ಗೌರವಕ್ಕೆ ಕುಂದುಂಟಾಗುತ್ತದೆ. ಆದ್ದರಿಂದ ಅದನ್ನು ಹಾಗೆಯೇ ಬಿಟ್ಟು ದಫನ ಮಾಡಬೇಕೆಂದು ವಿದ್ವಾಂಸರು ಹೇಳಿದ್ದಾರೆ.